ಉತ್ತಮ ಪುರುಷ

ಬೆಳಗಿನ ಆರೂವರೆಗೆ ನಮ್ಮ ಬಡಾವಣೆಯ ಪಾರ್ಕಿನ ಎದುರು ಹೋಟೆಲಿನಲ್ಲಿ ಮೊದಲ ಡಿಕಾಕ್ಷನ್ ಇಳಿಯುತ್ತದೆ. ಏಳಕ್ಕೆ ದೇಶ ಇಳಿಯುತ್ತದೆ, ಅಧೋಗತಿಗೆ. ಇಳಿಸುವವರು ಉದ್ಧಾರಪ್ಪನವರು.

ಉದ್ಧಾರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಮಾತು ಎಲ್ಲಿಂದಲೇ ಹೊರಡಲಿ, ಕೊನೆಗೆ ‘ಈ ದೇಶ ಉದ್ಧಾರ ಆಗಲ್ಲ ಮೇಷ್ಟ್ರೇ’ ಎಂಬಲ್ಲಿಗೇ ಬಂದು ನಿಲ್ಲುವುದರಿಂದ ಹೋಟೆಲಿನ ಹುಡುಗರು ಬೆನ್ನ ಹಿಂದೆ ಕೊಟ್ಟ ಬಿರುದು. ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಸೇವೆಯಲ್ಲಿದ್ದಷ್ಟು ದಿನ ಯಾರ ಮುಂದೆಯೂ ಕೈಚಾಚಿದವರಲ್ಲವಂತೆ. ‘ಆದ್ರೆ ಪ್ರೀತಿಯಿಂದ ಕೊಟ್ಟಿದ್ದನ್ನ ಬೇಡ ಅಂತ ತಳ್ಳೋದು ನಮ್ಮ ಸಂಸ್ಕಾರ ಅಲ್ಲ, ನೋಡಿ’ ಎಂದೂ ಅವರೇ ಹೇಳುತ್ತಾರೆ.

ಕೇಳಿಸಿಕೊಳ್ಳುವ ಕೆಲಸ ನನ್ನದು. ಪೇಪರು ನನ್ನದು, ಓದುವವರು ಅವರು. ಕಾಫಿ ಬೈ ಟೂ, ದುಡ್ಡು ನನ್ನದು. ಅವರ ಪರ್ಸು ಯಾವಾಗಲೂ ಇನ್ನೊಂದು ಪ್ಯಾಂಟಿನಲ್ಲಿ ಉಳಿದುಬಿಟ್ಟಿರುತ್ತದೆ. ಆ ಇನ್ನೊಂದು ಪ್ಯಾಂಟನ್ನು ಆರು ವರ್ಷದಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ.

ಸುಮ್ಮನೆ ಬೈಯುವವರು ಊರಿಗೆ ನೂರು ಮಂದಿ ಇದ್ದಾರೆ. ಉದ್ಧಾರಪ್ಪನವರು ಆ ಜಾತಿಯವರಲ್ಲ. ಅವರ ಬೈಗುಳಕ್ಕೆ ಇಸವಿ ಇರುತ್ತದೆ, ಕಲಂ ಇರುತ್ತದೆ, ತಿದ್ದುಪಡಿ ಇರುತ್ತದೆ. ‘ಪಕ್ಷಾಂತರ ನಿಷೇಧ ತಂದಿದ್ದು 1985ರಲ್ಲಿ, ಸಂವಿಧಾನದ 52ನೇ ತಿದ್ದುಪಡಿ. ಅಲ್ಲೀತನಕ ಒಬ್ಬೊಬ್ಬರೇ ಹಾರ್ತಿದ್ರು. ಕಾನೂನು ಬಂದ್ಮೇಲೆ ಬಸ್ಸು ಮಾಡ್ಕೊಂಡು ಒಟ್ಟಿಗೇ ಹಾರ್ತಾರೆ. ಇದಕ್ಕೇ ಮೇಷ್ಟ್ರೇ ಸಹಕಾರ ತತ್ವ ಅನ್ನೋದು’ ಎನ್ನುತ್ತಾರೆ. 2018ರ ಮೇ ತಿಂಗಳಲ್ಲಿ ಮೂರು ದಿನದ ಮುಖ್ಯಮಂತ್ರಿಯನ್ನು ನಮ್ಮ ರಾಜ್ಯ ಕಂಡದ್ದು, ಆ ಮೂರು ದಿನ ಶಾಸಕರು ಬಸ್ಸಿನಲ್ಲಿ ಊರೂರು ತಿರುಗಿದ್ದು, ಮರುವರ್ಷ 17 ಶಾಸಕರು ಅನರ್ಹರಾದದ್ದು, ಅನರ್ಹರಲ್ಲಿ ಬಹುಪಾಲು ಜನ ಆ ವರ್ಷದ ಡಿಸೆಂಬರಿನಲ್ಲೇ ಬೇರೆ ಚಿಹ್ನೆಯಡಿ ಗೆದ್ದು ಬಂದದ್ದು, ಗೆದ್ದವರಲ್ಲಿ ಹಲವರು ಮಂತ್ರಿಗಳಾದದ್ದು, ಎಲ್ಲವೂ ಅವರಿಗೆ ಕಂಠಪಾಠ. ‘ಅನರ್ಹ ಅಂದ್ರೆ ಏನು ಮೇಷ್ಟ್ರೇ? ನೀವು ಕನ್ನಡ ಪಾಠ ಮಾಡಿದೋರು, ಹೇಳಿ’ ಎಂದು ನನ್ನ ಕಡೆ ತಿರುಗುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಉತ್ತರವೂ ಅವರದೇ: ‘ಮಂತ್ರಿಗಿರಿಗೆ ಅರ್ಜಿ ಹಾಕಿದೋನು ಅಂತ.’

ಬೈಯುವಾಗ ಅವರು ಬಳಸುವುದು ವ್ಯಾಕರಣದ ಒಂದೇ ಪುರುಷ. ‘ಅವರು ಸರಿಯಿಲ್ಲ’, ‘ಜನ ಸರಿಯಿಲ್ಲ’, ‘ಇವರಿಗೆಲ್ಲ ಹೀಗೇ ಆಗಬೇಕು’. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟ ನನಗೆ ಇದರಲ್ಲಿ ತಪ್ಪು ಹುಡುಕಲು ಆಗಲೇ ಇಲ್ಲ. ನಮ್ಮ ವ್ಯಾಕರಣವೇ ‘ನಾನು’ ಎಂದವನನ್ನು ಉತ್ತಮ ಪುರುಷ ಎಂದು ಕರೆದಿದೆ. ಎದುರಿಗೆ ಕೂತು ಕಾಫಿ ಕೊಡಿಸುವವನು ಮಧ್ಯಮ ಪುರುಷ. ಕಳ್ಳತನ, ಲಂಚ, ರಸ್ತೆಯಲ್ಲಿ ಉಗಿಯುವುದು, ಕಸ ಎಸೆಯುವುದು ಇವೆಲ್ಲ ಏನಿದ್ದರೂ ಪ್ರಥಮ ಪುರುಷನ ಕೆಲಸ.

ಹೋದ ವರ್ಷ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ಅಧ್ಯಕ್ಷರ ಚುನಾವಣೆ ಬಂತು. ಕಾರ್ಯಕಾರಿ ಸಮಿತಿಯಲ್ಲಿ ಹನ್ನೊಂದು ಜನ. ಐವರು ಹಳೇ ಅಧ್ಯಕ್ಷರ ಕಡೆ, ಐವರು ಉದ್ಧಾರಪ್ಪನವರ ಕಡೆ, ನಾನೊಬ್ಬ ಎತ್ತಲೂ ಇಲ್ಲದವನು. ಮತದಾನ ಭಾನುವಾರ. ಶುಕ್ರವಾರ ಬೆಳಗಿನ ಜಾವ ನಾಲ್ಕಕ್ಕೆ ನಮ್ಮ ಮನೆ ಮುಂದೆ ಟೆಂಪೋ ಟ್ರಾವೆಲರ್ ಬಂದು ನಿಂತಿತು. ‘ಮೇಷ್ಟ್ರೇ, ಹೊರಡಿ. ಕುಕ್ಕೆ, ಧರ್ಮಸ್ಥಳ. ಎಲ್ಲಾ ನಮ್ಮ ಖರ್ಚು. ಅಮ್ಮಾವ್ರಿಗೆ ಪ್ರಸಾದ ತಂದ್ಕೊಡೋಣ.’

ಒಳಗೆ ಹತ್ತಿ ನೋಡಿದರೆ ಅವರ ಐವರೂ ಶಾಲು ಹೊದ್ದು ಕೂತಿದ್ದಾರೆ. ಬಾಗಿಲು ಹಾಕಿದ ಕೂಡಲೇ ಉದ್ಧಾರಪ್ಪನವರು ಒಂದು ಬಟ್ಟೆ ಚೀಲ ಹಿಡಿದು ಸಾಲಾಗಿ ಬಂದರು, ಮೊಬೈಲುಗಳನ್ನು ಅದಕ್ಕೆ ಹಾಕಿಸಿಕೊಂಡರು. ‘ದೇವರ ದರ್ಶನಕ್ಕೆ ಹೊರಟೋರಿಗೆ ಮೊಬೈಲ್ ಯಾಕೆ? ಮನಸ್ಸು ಏಕಾಗ್ರ ಆಗಬೇಕು.’ ಶಿರಾಡಿ ಘಾಟಿಯಲ್ಲಿ ನಾನು ಮೆಲ್ಲಗೆ ಕೇಳಿದೆ: ‘ಸಾರ್, ಇದನ್ನೇ ಅಲ್ವಾ ಪೇಪರಿನೋರು ರೆಸಾರ್ಟ್ ರಾಜಕೀಯ ಅನ್ನೋದು?’

ಅವರಿಗೆ ನಿಜವಾಗಿಯೂ ನೋವಾಯಿತು. ‘ಛೆ ಛೆ, ಎಂಥ ಮಾತು ಆಡ್ತೀರಿ! ರೆಸಾರ್ಟಿನಲ್ಲಿ ಈಜುಕೊಳ ಇರುತ್ತೆ. ಇಲ್ಲಿ ನೇತ್ರಾವತಿ ಸ್ನಾನ.’

ಧರ್ಮಸ್ಥಳದಲ್ಲಿ ಮಂಜುನಾಥನ ಎದುರು ಆರೂ ಜನರಿಂದ ಆಣೆ ಮಾಡಿಸಿದರು. ಭಾನುವಾರ ನೇರ ಸಭೆಗೇ ತಂದು ಇಳಿಸಿದರು. ಆರಕ್ಕೆ ಐದು ಮತಗಳಿಂದ ಗೆದ್ದರು. ಅಧ್ಯಕ್ಷ ಭಾಷಣದಲ್ಲಿ ಅರ್ಧ ಗಂಟೆ ಮಾತಾಡಿದ್ದು ರಾಜಕೀಯದಲ್ಲಿ ನೈತಿಕತೆ ಕುಸಿದಿರುವ ಬಗ್ಗೆ. ಧರ್ಮಸ್ಥಳದ ಅನ್ನಪ್ರಸಾದ ಇನ್ನೂ ಹೊಟ್ಟೆಯಲ್ಲೇ ಇದ್ದುದರಿಂದ ನಾನು ಚಪ್ಪಾಳೆ ತಟ್ಟಿದೆ.

ಉದ್ಧಾರಪ್ಪನವರಿಗೆ ಬಿಟ್ಟಿ ಎಂಬ ಪದ ಕಂಡರಾಗದು. ‘ಜನರನ್ನ ಸೋಮಾರಿಗಳನ್ನಾಗಿ ಮಾಡಿಟ್ಟಿದ್ದಾರೆ’ ಎಂದು ಕಾಫಿ ಲೋಟ ಕುಟ್ಟುತ್ತಾರೆ. 2023ರಲ್ಲಿ ಗೃಹಜ್ಯೋತಿ ಬಂದಾಗ ನಮ್ಮ ಬೀದಿಯಲ್ಲಿ ಮೊದಲು ಅರ್ಜಿ ಹಾಕಿದವರೂ ಅವರೇ. ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ಶೇ 10, ಎಲ್ಲ ಸೇರಿ 200 ಯೂನಿಟ್ಟಿನ ಒಳಗೆ ಎಂಬ ಲೆಕ್ಕ ಸರ್ಕಾರಕ್ಕಿಂತ ಚೆನ್ನಾಗಿ ಅವರಿಗೆ ಗೊತ್ತು. ತಿಂಗಳ ಕೊನೆಯ ವಾರ ಟಾರ್ಚು ಹಿಡಿದು ಮೀಟರಿನ ಮುಂದೆ ನಿಂತಿರುತ್ತಾರೆ. ಅಂಕಿ ಅಂಚಿಗೆ ಬಂತೆಂದರೆ ಗೀಸರ್ ಬಂದ್, ಹಿತ್ತಿಲಿನ ಹಂಡೆ ಒಲೆಗೆ ತೆಂಗಿನ ಗರಿ. ಅವರ ಮನೆಯವರು ಆಧಾರ್ ಕಾರ್ಡ್ ಹಿಡಿದು ಶೂನ್ಯ ದರದ ಟಿಕೆಟ್ಟಿನಲ್ಲಿ ಮಗಳ ಮನೆಗೆ ಹೋಗಿ ಬರುತ್ತಾರೆ. ‘ಅದು ಬೇರೆ ಮೇಷ್ಟ್ರೇ. ನಾವು ಟ್ಯಾಕ್ಸ್ ಕಟ್ಟಿದ ದುಡ್ಡು, ನಾವು ವಾಪಸ್ ತಗೋತಿದೀವಿ. ಬಿಟ್ಟಿ ಅಂತ ನಾನು ಹೇಳಿದ್ದು ಜನಕ್ಕೆ ಕೊಡೋದನ್ನ.’

ಆ ವರ್ಷವೇ ಫೆಬ್ರುವರಿಯಲ್ಲಿ ಸರ್ಕಾರ ಟ್ರಾಫಿಕ್ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿತು. ಜನ ಮುಗಿಬಿದ್ದರು. ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ ವಸೂಲಾಯಿತು. ಉದ್ಧಾರಪ್ಪನವರ ಕೋಪ ನೆತ್ತಿಗೇರಿತು. ‘ಸೀರೆ ಅಂಗಡಿಯೋರು ಆಷಾಢ ಸೇಲ್ ಮಾಡೋದು ಕಂಡಿದೀನಿ. ತಪ್ಪಿಗೆ ಆಷಾಢ ಸೇಲ್ ಮಾಡೋ ದೇಶ ಇದೊಂದೇ!’ ಈ ಮಾತನ್ನು ಅವರು ಆಡಿದ್ದು ದಂಡ ಕಟ್ಟುವ ಸಾಲಿನಲ್ಲಿ ನಿಂತು. ಅವರ ಸ್ಕೂಟರಿನ ಮೇಲೆ ಐದು ಕೇಸು, ಹೆಲ್ಮೆಟ್ ಇಲ್ಲದ್ದು ಮೂರು, ಸಿಗ್ನಲ್ ಹಾರಿಸಿದ್ದು ಎರಡು. ನನ್ನ ಮೇಲಿದ್ದ ಒಂದೇ ಒಂದು ದಂಡವನ್ನು ನಾನು ಹಿಂದಿನ ತಿಂಗಳಷ್ಟೇ ಪೂರ್ತಿ ಕಟ್ಟಿದ್ದೆ ಎಂದು ತಿಳಿದು ಮಮ್ಮಲ ಮರುಗಿದರು. ‘ನಿಯತ್ತಾಗಿರೋರಿಗೆ ಈ ದೇಶದಲ್ಲಿ ಬೆಲೆ ಎಲ್ಲಿದೆ ಹೇಳಿ.’ ಆಮೇಲೆ ಬಂದ ನೋಟಿಸುಗಳನ್ನೆಲ್ಲ ಜೋಡಿಸಿಟ್ಟುಕೊಂಡು ಕಾದರು. 2025ರ ಆಗಸ್ಟಿನಲ್ಲಿ ರಿಯಾಯಿತಿ ಮತ್ತೆ ಬಂತು. ಸರ್ಕಾರದ ಮೇಲೆ ಅವರಿಗೆ ಇಷ್ಟು ನಂಬಿಕೆ ಇದೆಯೆಂದು ನನಗೆ ಗೊತ್ತಾದದ್ದು ಆವಾಗಲೇ.

ಅಕ್ರಮ-ಸಕ್ರಮದ ಬಗ್ಗೆ ಅವರ ಮಾತು ನಮ್ಮ ಹೋಟೆಲಿನಲ್ಲಿ ಗಾದೆಯಾಗಿದೆ: ‘ನಮ್ಮ ದೇಶದಲ್ಲಿ ಅಕ್ರಮಕ್ಕೂ ಸಕ್ರಮಕ್ಕೂ ನಡುವೆ ಇರೋದು ಒಂದು ಸಣ್ಣ ಗೆರೆ, ಅದೂ ಅಡ್ಡಗೆರೆ.’ ಅವರ ಕಾರು ಹತ್ತುವ ಸಿಮೆಂಟಿನ ಇಳಿಜಾರು ಚರಂಡಿ ದಾಟಿ ರಸ್ತೆಯೊಳಕ್ಕೆ ಮೂರಡಿ ಬಂದಿದೆ. ಆ ಅಡ್ಡಗೆರೆಯ ಅಳತೆ ಅವರಿಗೆ ಅಲ್ಲಿಂದಲೇ ಸಿಕ್ಕಿದ್ದಿರಬೇಕು.

ಹಾಗೆಂದು ಮತ ಹಾಕದೆ ಮನೆಯಲ್ಲಿ ಮಲಗುವವರ ಸಾಲಿಗೆ ಅವರನ್ನು ಸೇರಿಸಬೇಡಿ. ಚುನಾವಣೆಯ ದಿನ ಬೆಳಿಗ್ಗೆ ಏಳಕ್ಕೆ ಮತಗಟ್ಟೆ ತೆರೆದರೆ ಆರೂವರೆಗೇ ಸಾಲಿನ ತುದಿಯಲ್ಲಿ ಅವರು. ಹಾಕಿಸಿಕೊಂಡ ಶಾಯಿಯನ್ನು ತೋರಿಸುತ್ತಾ ಅದರ ವಂಶವೃಕ್ಷ ಹೇಳುತ್ತಾರೆ: ‘ಇದು ನಮ್ಮ ಮೈಸೂರಿನ ಶಾಯಿ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ. 1962ರಿಂದ ಇಡೀ ದೇಶದ ಬೆರಳಿಗೆ ನಾವೇ ಹಚ್ಚಿದ್ದು.’ ಅದು ಬೇಗ ಮಾಸದಿರಲಿ ಎಂದು ಆ ಬೆರಳಿಗೆ ವಾರಗಟ್ಟಲೆ ಸೋಪು ತಾಗಿಸುವುದಿಲ್ಲ. ಐದು ವರ್ಷ ಬೈಯಲು ಅದೇ ಲೈಸೆನ್ಸು.

‘ಯಾರಿಗೆ ಹಾಕಿದ್ರಿ ಸಾರ್?’ ಎಂದು ಒಮ್ಮೆ ಕೇಳಿದೆ.

‘ಇನ್ಯಾರಿಗೆ? ಅವನಿಗೇ.’

‘ಅವನು ಕಳ್ಳ ಅಂತ ನಿನ್ನೆಯವರೆಗೂ ನೀವೇ ಹೇಳ್ತಿದ್ರಿ?’

‘ಈಗ್ಲೂ ಹೇಳ್ತೀನಿ, ಅದರಲ್ಲಿ ದಾಕ್ಷಿಣ್ಯ ಇಲ್ಲ. ಆದ್ರೆ ನಮ್ಮೋನು.’

ಇಷ್ಟೆಲ್ಲ ಬೈಗುಳಕ್ಕೂ ಮೂಲಸ್ಥಾನ ಒಂದಿತ್ತು. ಅವರ ಗೇಟಿನ ಎದುರು ನಡುರಸ್ತೆಯಲ್ಲಿ ಮುಚ್ಚಳ ಒಡೆದ ಮ್ಯಾನ್‌ಹೋಲ್. ಯಾರಾದರೂ ಬಿದ್ದಾರೆಂದು ಯಾರೋ ಪುಣ್ಯಾತ್ಮರು ನುಗ್ಗೆ ಕೊಂಬೆ ಸಿಕ್ಕಿಸಿ ಕೆಂಪು ಬಟ್ಟೆ ಕಟ್ಟಿದ್ದರು. ಮಳೆಗಾಲದಲ್ಲಿ ಕೊಂಬೆ ಚಿಗುರಿತು. ‘ನಗರಸಭೆಯೋರು ಈ ವಾರ್ಡಿನಲ್ಲಿ ಬೆಳೆಸಿದ ಏಕೈಕ ಗಿಡ’ ಎಂದು ಉದ್ಧಾರಪ್ಪನವರು ನೆಂಟರಿಗೆ ಮೊದಲು ಅದನ್ನು ತೋರಿಸಿ, ಆಮೇಲೆ ಒಳಗೆ ಕರೆಯುತ್ತಿದ್ದರು. ಮೂರು ವರ್ಷ ಅದು ಹಾಗೆಯೇ ಇತ್ತು. ‘ಒಂದು ದೂರು ಕೊಡಬಾರದಾ?’ ಎಂದರೆ ಕೈ ಕೊಡವುತ್ತಿದ್ದರು: ‘ಯಾರಿಗೆ ಕೊಡ್ತೀರಿ? ಕೇಳೋರು ಯಾರಿದ್ದಾರೆ?’

ಒಂದು ಮಧ್ಯಾಹ್ನ ಮಾಡಲು ಕೆಲಸವಿಲ್ಲದೆ ನಾನೇ ಸಹಾಯವಾಣಿಗೆ ಫೋನು ಮಾಡಿದೆ. ಆ ಕಡೆಯ ಹೆಣ್ಣುಮಗಳು ಗುರುತು ಕೇಳಿದಳು. ‘ರಸ್ತೆ ಮಧ್ಯೆ ನುಗ್ಗೆ ಮರ ಇದೆಯಲ್ಲಮ್ಮ, ಅದರ ಬುಡ’ ಎಂದೆ. ಐದನೇ ದಿನ ಆಳುಗಳು ಬಂದರು, ಕೊಂಬೆ ಕಿತ್ತರು, ಹೊಸ ಮುಚ್ಚಳ ಕೂರಿಸಿ ಸಿಮೆಂಟು ಹಾಕಿ ಹೋದರು.

ಉದ್ಧಾರಪ್ಪನವರು ಎರಡು ದಿನ ಹೋಟೆಲಿಗೆ ಬರಲಿಲ್ಲ. ಮೂರನೆಯ ದಿನ ಬಂದರೂ ಮುಖದಲ್ಲಿ ಕಳೆಯಿರಲಿಲ್ಲ. ಪೇಪರು ಬಿಡಿಸಿ, ಮುಖಪುಟ ದಾಟಿ, ರಾಶಿಭವಿಷ್ಯ ಓದಿದರು. ಕಾಫಿಗೆ ಸಕ್ಕರೆ ಜಾಸ್ತಿ ಎಂದೂ ಹೇಳಲಿಲ್ಲ. ಕೊನೆಗೆ, ಯಾವುದೋ ಆಪ್ತರು ಹೋದ ಸುದ್ದಿ ಹೇಳುವವರಂತೆ, ‘ಮುಚ್ಚಿಬಿಟ್ರು’ ಎಂದರು. ‘ಚುನಾವಣೆ ಹತ್ರ ಬಂತು ಅಂತ ಕಾಣುತ್ತೆ.’ ದೂರು ಕೊಟ್ಟವನು ನಾನು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಒಳಗೊಳಗೇ ಬೀಗಿದ್ದು ಮಾತ್ರ ಸುಳ್ಳಲ್ಲ. ಒಂದು ಫೋನಿಗೆ ದೇಶ ಅಲುಗಾಡಿತಲ್ಲ!

ವಾರ ಕಳೆದಿರಬಹುದು. ಸಂಜೆ ಕರೆಂಟು ಹೋಗಿತ್ತು. ಸಂತೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದೆ. ಅವರ ಗೇಟಿನ ಎದುರು ದಢಾರನೆ ಏನೋ ಎತ್ತಿ ಕುಕ್ಕಿತು. ಕೈಚೀಲ ಹಾರಿ ಎರಡು ಕಿಲೋ ಟೊಮೆಟೊ ರಸ್ತೆ ತುಂಬ ಉರುಳಿತು. ಹೊಸ ಮುಚ್ಚಳವನ್ನು ರಸ್ತೆಗಿಂತ ನಾಲ್ಕು ಬೆರಳು ಎತ್ತರಕ್ಕೆ ಕೂರಿಸಿ ಹೋಗಿದ್ದರು. ಸೊಂಟ ಹಿಡಿದುಕೊಂಡು ಎದ್ದವನ ಬಾಯಿಂದ ತಾನಾಗಿಯೇ ಹೊರಬಿತ್ತು: ‘ಥೂ, ಈ ದೇಶ ಉದ್ಧಾರ ಆಗಲ್ಲ!’

ಕತ್ತಲಲ್ಲಿ ಗೇಟು ಕಿರ್ರೆಂದಿತು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಟೇಪು ಹಿಡಿದು ಉದ್ಧಾರಪ್ಪನವರು ಓಡೋಡಿ ಬಂದರು. ‘ನಾಲ್ಕೂಕಾಲು ಇಂಚು ಮೇಷ್ಟ್ರೇ! ಆವತ್ತೇ ಅಳೆದಿಟ್ಟಿದೀನಿ. ನಿಮ್ಮದು ಮೂರನೇ ಗಾಡಿ!’ ಟಾರ್ಚಿನ ಬೆಳಕಿನಲ್ಲಿ ಅವರ ಮುಖ ಮದುವೆಮನೆಯಂತೆ ಕಳಕಳ ಎನ್ನುತ್ತಿತ್ತು. ಬಗ್ಗಿ ಬಗ್ಗಿ ನನ್ನ ಟೊಮೆಟೊಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ತುಂಬಿಕೊಟ್ಟರು.

ಮಾರನೆಯ ದಿನ ಹೋಟೆಲಿನಲ್ಲಿ ನಾನು ಕೂರುವ ಮೊದಲೇ ಕೂಗಿದರು: ‘ಎರಡು ಫುಲ್ ಕಾಫಿ, ಸ್ಟ್ರಾಂಗ್!’ ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: ‘ನಾವು ಎಷ್ಟು ಹೊಡ್ಕೊಂಡ್ರೂ ಇಷ್ಟೇ ಬಿಡಿ ಮೇಷ್ಟ್ರೇ. ನಮ್ಮಂಥೋರ ಮಾತು ಈ ಜನ ಎಲ್ಲಿ ಕೇಳ್ತಾರೆ?’

ನಾವು. ಉತ್ತಮ ಪುರುಷ, ಬಹುವಚನ. ಆರು ವರ್ಷ ಮಧ್ಯಮ ಪುರುಷನಾಗಿದ್ದ ನನಗೆ ಅಂದು ಬಡ್ತಿ ಸಿಕ್ಕಿತು. ಸೊಂಟದ ನೋವು ಅರ್ಧ ಇಳಿಯಿತು.

ಬಿಲ್ಲು ಬಂದಾಗ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದೆ. ಅವರು ತಡೆದು, ತಮ್ಮ ಪರ್ಸು ತೆಗೆದರು. ಆವಾಗ ಗಮನಿಸಿದೆ: ಅಂದು ಅವರು ಆ ಇನ್ನೊಂದು ಪ್ಯಾಂಟು ಹಾಕಿಕೊಂಡು ಬಂದಿದ್ದರು.