ಎರಡೂ ಮೈ ನೋಡಿ ಕೊಳ್ಳಿ

ಚುನಾವಣೆ ಘೋಷಣೆಯಾದರೆ ಖಾನಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಅಭ್ಯರ್ಥಿಗಳಿಗಿಂತ ಮೊದಲು ತಿರುಗಾಟ ಶುರುಮಾಡುವವು ಬಂದೂಕುಗಳು. ಕಾಡುಹಂದಿಯ ಕಾಟಕ್ಕೆಂದು ಬೆಳೆ ರಕ್ಷಣೆಯ ಲೈಸೆನ್ಸ್ ಪಡೆದವರು ಅವನ್ನು ಗೋಣಿಚೀಲದಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ, ಫಲಿತಾಂಶ ಬಂದು ಗದ್ದಲ ತಣ್ಣಗಾದ ಮೇಲೆ ಬಿಡಿಸಿಕೊಂಡು ಬರಬೇಕು. ಅಷ್ಟು ದಿನ ಹಂದಿಗಳಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲ. ಠಾಣೆಯ ಗೋಡೆಗೆ ಸಾಲಾಗಿ ಒರಗಿಸಿಟ್ಟ ಬಂದೂಕುಗಳನ್ನು ನೋಡಿದರೆ ಕಬ್ಬಿಣವೆಲ್ಲ ಒಂದೇ ತರಹ ಕಾಣುತ್ತದೆ. ಬೇರೆ ಬೇರೆ ಮುಖ ಇರುವುದು ಹೆಗಲಿಗೆ ಆನಿಸುವ ಮರದ ಬಟ್ಟಿಗೆ. ಒಂದು ಬೋಳು, ಒಂದಕ್ಕೆ ತಗಡಿನ ಪಟ್ಟಿ, ಇನ್ನೊಂದರ ಮೈತುಂಬ ಕಪ್ಪು ಕಂದು ತೆರೆಗಳು.

ಈ ತೆರೆಗಳಿಗೆ ಹುಚ್ಚು ಹಿಡಿದವರ ಒಂದು ಲೋಕವೇ ಇದೆ. ಕೋವಿಯ ಬಟ್ಟಿಗೆ ಅಕ್ರೋಟ ಮರವೇ ಆಗಬೇಕೆಂದು ಬಲ್ಲವರು ಹೇಳುತ್ತಾರೆ. ತೂಕ ಹಿತಮಿತ, ಪೆಟ್ಟು ತಿಂದರೂ ಸಿಬಿರು ಏಳುವುದಿಲ್ಲ, ಒಣಗಿದ ಮೇಲೆ ಸೊಟ್ಟಗಾಗುವುದು ಕಡಿಮೆ, ಹಿಡಿತಕ್ಕೆಂದು ಸಣ್ಣ ಚೌಕುಳಿ ಗೆರೆ ಕೆತ್ತಿದರೆ ಚೂಪಾಗಿ ನಿಲ್ಲುತ್ತದೆ. ನಮ್ಮ ಸಾಗವಾನಿ ತೂಕದಲ್ಲಿ ಅದಕ್ಕೆ ಸಮನೇ, ಆದರೆ ಅದರ ಒಡಲಲ್ಲಿ ಮರಳಿನ ಅಂಶವಿದ್ದು ಉಳಿಯ ಬಾಯಿ ಮೊಂಡಾಗುತ್ತದೆ. ಸೀಸಂ, ಎಂದರೆ ಬೀಟೆ, ಇನ್ನೂ ಭಾರ. ವಿದೇಶದ ಕುಶಲಿಗಳು ಅದನ್ನು ಕೋವಿಯ ಮರದ ತುದಿಗೊಂದು ಕರಿ ತುಣುಕಾಗಿ ಕೂಡಿಸಿ ಸುಮ್ಮನಾಗುತ್ತಾರೆ. ಕೆತ್ತುವ ಮೊದಲಿನ ಬರಿಯ ಅಕ್ರೋಟ ಹಲಗೆ, ತೆರೆ ಚೆನ್ನಾಗಿದ್ದರೆ, ಸಾವಿರಾರು ಡಾಲರಿಗೆ ಮಾರಾಟವಾಗುತ್ತದೆ. ಆ ದುಡ್ಡಿಗೆ ನಮ್ಮ ಬೀಡಿ ಊರಿನಲ್ಲಿ ಮನೆಯೊಂದರ ಬಾಗಿಲು, ಕಿಟಕಿ, ಜೊತೆಗೆ ದೇವರ ಮನೆಯ ಮಂಟಪವೂ ಮುಗಿದು ಬಡಿಗೇರರ ಮಗಳ ಮದುವೆಗೆ ಒಂದಿಷ್ಟು ಮಿಗುತ್ತದೆ.

ಬೆಲೆ ಕಟ್ಟುವುದು ಹೇಗೆ ಎಂದರೆ ಅಲ್ಲೇ ತಮಾಷೆ. ಸಾದಾ, ಫ್ಯಾನ್ಸಿ, ಎಕ್ಸಿಬಿಷನ್ ಎಂದು ದರ್ಜೆಗಳಿವೆ. ಅವನ್ನು ಕೊಡುವವನು ಮಾರುವವನೇ. ಪರೀಕ್ಷೆ ಬರೆದ ಹುಡುಗನೇ ತನ್ನ ಪತ್ರಿಕೆ ತಿದ್ದಿಕೊಂಡ ಹಾಗೆ. ಒಣ ಅಕ್ರೋಟ ಬೂದಿ ಬಳಿದಂತೆ ಮಂಕಾಗಿರುತ್ತದೆ. ಮೇಲೆ ಒಂದಿಷ್ಟು ನೀರೋ ಸ್ಪಿರಿಟ್ಟೋ ಸವರಿದರೆ ಒಳಗಿದ್ದ ತೆರೆಗಳೆಲ್ಲ ಒಮ್ಮೆಗೇ ಎದ್ದು ಬರುತ್ತವೆ. ಫೋಟೊ ತೆಗೆಯುವುದು ಆ ಗಳಿಗೆಯಲ್ಲಿ, ಅದೂ ಒಂದೇ ಮೈಯದ್ದು. ಇನ್ನೊಂದು ಮೈ ಹಾಳೆಯಂತೆ ಬೋಳಾಗಿರಬಹುದು, ಗಂಟು ಕೊಳೆತಿರಬಹುದು.

ಬೀಡಿಯ ನಮ್ಮ ಬಡಿಗೇರ ಕಾಕಾಗೆ ಇದನ್ನೆಲ್ಲ ಹೇಳಿದೆ. ರಂದಾ ಬದಿಗಿಟ್ಟು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಹಲಗೆಯ ಮೇಲೆ ಬಂದೂಕಿನ ಚಿತ್ರ ಬರೆಯಲು ಹೇಳಿದರು. ಬರೆದೆ. ನೋಡಿ, ಕೈ ಹಿಡಿಯುವ ಸಣ್ಣ ಸೊಂಟದ ಮೇಲೆ ಬೆರಳಿಟ್ಟರು.

“ಇಲ್ಲೆ ಎಳಿ ಸೀದಾ ಹೋಗಿರಬೇಕ ನೋಡ್ರಿ ಮಾಸ್ತರ. ನಿಮ್ಮ ತೆರಿ ಗಿರಿ ಎಲ್ಲಾ ಹಿಂದಿನ ಅಗಲದಾಗ ಇರಲಿ. ಸೊಂಟದಾಗ ತೆರಿ ಬಂತೋ, ಮುರದ ಕೈಯಾಗ ಬರತೈತಿ.”

ಬಂದೂಕು ಕೆಲಸವನ್ನು ಜನ್ಮದಲ್ಲಿ ಮಾಡದ ಮನುಷ್ಯ, ಆ ವಿದ್ಯೆಯ ಮೊದಲ ಪಾಠವನ್ನೇ ಹೇಳಿಬಿಟ್ಟರು. ಬಾಗಿಲಿನ ಲೆಕ್ಕವೂ ಅದೇ: ಚೌಕಟ್ಟಿಗೆ ನೇರ ಎಳೆ, ನಡುವಿನ ಹಲಗೆಗೆ ಚೆಂದ. ಆ ಚೆಂದ ಬರುವುದು ಮರ ಪಟ್ಟ ಪಾಡಿನಿಂದ ಎಂಬುದೂ ಅವರಿಗೆ ಗೊತ್ತು. ಕೊಂಬೆ ಕವಲೊಡೆದಲ್ಲಿ ಎಳೆಗಳು ಒಂದಕ್ಕೊಂದು ಒತ್ತಿ ಹಕ್ಕಿಯ ಗರಿಯ ಹಾಗೆ ಹರಡುತ್ತವೆ. ಭಾರ ಹೊತ್ತ ಬುಡದಲ್ಲಿ ತೆರೆ ಮಡಚಿಕೊಳ್ಳುತ್ತದೆ. ಅಕ್ರೋಟದವರು ಮರ ಕಡಿಯದೆ ಬುಡಸಮೇತ ಅಗೆದು ತೆಗೆಯುವುದು ಇದಕ್ಕೇ. “ಹಂಗಾರ ಒಂದ ಬಟ್ ಮಾಡಿ ತೋರಸ್ತೀರೇನ್ರಿ ಕಾಕಾ?” ಎಂದರೆ ಮಾತ್ರ ಕೈ ಮುಗಿದರು. “ಬ್ಯಾಡ್ರೀ ಮಾರಾಯ್ರ. ಬಾಗಲಾ ಮಾಡಿದ್ರ ಮನಿಯವರು ಬರ್ತಾರ, ಬಂದೂಕ ಮಾಡಿದ್ರ ಪೊಲೀಸ್ರ ಬರ್ತಾರ.”

ಒಣಗಿಸುವ ವಿಷಯದಲ್ಲಿ ಅವರು ಇನ್ನೂ ಕಟ್ಟುನಿಟ್ಟು. ನೆರಳಲ್ಲಿ, ಗಾಳಿಯಾಡುವಂತೆ, ಒಂದು ಇಂಚು ದಪ್ಪಕ್ಕೆ ಒಂದು ವರ್ಷವೆಂಬುದು ಮರಗೆಲಸದವರ ಹಳೆಯ ಅಂದಾಜು. ತುದಿಗಳಿಗೆ ಮೇಣ ಬಳಿಯದಿದ್ದರೆ ಅಲ್ಲಿಂದಲೇ ಸೀಳು ಶುರು. ಹಸಿ ಮರದ ಬಟ್ ನಮ್ಮ ತಾಲ್ಲೂಕಿನ ಕಣಕುಂಬಿಯ ಮಳೆಗಾಲದಲ್ಲಿ ಉಬ್ಬಿ ನಳಿಗೆಯನ್ನು ಪಕ್ಕಕ್ಕೆ ಒತ್ತಿತೆಂದರೆ ಗುರಿ ತಪ್ಪಿತೆಂದೇ ಲೆಕ್ಕ. ಹಂದಿಗೆ ಇಟ್ಟದ್ದು ಹಲಸಿನ ಮರಕ್ಕೆ.

ಅಳತೆಯಲ್ಲೂ ಒಂದು ಸ್ವಾರಸ್ಯವಿದೆ. ದಿಮ್ಮಿಯ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುವ ಪದ್ಧತಿಯನ್ನು 18ನೇ ಶತಮಾನದ ಇಂಗ್ಲೆಂಡಿನ ಎಡ್ವರ್ಡ್ ಹೋಪಸ್ ಎಂಬಾತ ಕೋಷ್ಟಕ ಮಾಡಿ ಪ್ರಚಾರಕ್ಕೆ ತಂದ. ಈ ಲೆಕ್ಕದಲ್ಲಿ ದುಂಡು ದಿಮ್ಮಿಯ ನಿಜವಾದ ಗಾತ್ರದ ನೂರಕ್ಕೆ 78.5 ಪಾಲು ಮಾತ್ರ ಸಿಗುತ್ತದೆ. ಉಳಿದದ್ದು ಕೊಯ್ಯುವಾಗ ಹೊಟ್ಟು, ಸಿಪ್ಪೆಯಾಗಿ ಹೋಗುತ್ತದೆಂಬುದು ಸಮಜಾಯಿಷಿ. ಕೊಳ್ಳುವವನ ಪರವಾಗಿ ಗಣಿತವೇ ಸುಳ್ಳು ಹೇಳುವ ಇಂಥ ವ್ಯಾಪಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಈ ತಾಲ್ಲೂಕಿನ ಅತಿ ಬೆಲೆಬಾಳುವ ಮರ ಯಾವ ಲೆಕ್ಕಕ್ಕೂ ಸಿಕ್ಕುವುದಿಲ್ಲ. 1830ರ ಜನವರಿಯಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಸಂಗೊಳ್ಳಿ ರಾಯಣ್ಣನ ದಂಡು ಇದೇ ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟಿತು. ಮರುವರ್ಷ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಆ ಮರ ಅವನ ಸಮಾಧಿಯ ಮೇಲಿನ ಆಲ. ಅದರ ಸಸಿಯನ್ನು ಜೊತೆಗಾರ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟನೆಂದು ಜನ ಹೇಳುತ್ತಾರೆ. ಆಲದ ಕಟ್ಟಿಗೆಗೆ ಬಡಿಗೇರರಲ್ಲಿ ಕಿಮ್ಮತ್ತಿಲ್ಲ. ಬಾಗಿಲಿಗೂ ಬಾರದು, ಬಂದೂಕಿಗೂ ಬಾರದು. ಮಕ್ಕಳಾಗಲೆಂದು ಹರಕೆ ಹೊತ್ತವರು ಅದಕ್ಕೆ ಪುಟ್ಟ ಮರದ ತೊಟ್ಟಿಲು ಕಟ್ಟಿ ಹೋಗುತ್ತಾರೆ.

ಕಾಕಾನ ಅಟ್ಟದ ಮೇಲೆ ಅವರ ಅಪ್ಪನ ಕಾಲದ ಸೀಸಂ ಹಲಗೆಯೊಂದಿದೆ. ಒದ್ದೆ ಬಟ್ಟೆಯಿಂದ ಒರೆಸಿ ತೋರಿಸಿದರು. ನೇರಳೆ ಬಣ್ಣದ ಮೇಲೆ ಕರಿ ಗೆರೆ, ಎರಡೂ ಮೈ ಒಂದೇ ಸಮ. ಬೆಲೆ ಕೇಳಿದರೆ ನಗುತ್ತಾರೆ. ಸಾಗವಾನಿ, ಬೀಟೆಗಳನ್ನು ಸ್ವಂತ ಹೊಲದಲ್ಲಿದ್ದರೂ ಅಪ್ಪಣೆಯಿಲ್ಲದೆ ಕಡಿಯುವಂತಿಲ್ಲ. 2017ರಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧಕ್ಕೆ ಒಳಪಟ್ಟಿದೆ. ಹಾಗಾಗಿ ಯಾರಾದರೂ ಇಂಥ ಹಲಗೆಗೆ ನೀರು ಸವರಿ ನಿಮ್ಮೆದುರು ಹಿಡಿದರೆ, ಎಳೆ ಆಮೇಲೆ ನೋಡಿ. ಮೊದಲು ಅರಣ್ಯ ಇಲಾಖೆಯ ಪಾಸು ಕೇಳಿ. ಅದರದ್ದೂ ಎರಡೂ ಮೈ ನೋಡಿ.