ಎಲ್ಲರಿಗೂ ಗೊತ್ತಿರುವ ವಿಷಯದಲ್ಲಿ ಪದವಿ

ಭೌತಶಾಸ್ತ್ರ ಓದುವ ಹುಡುಗಿಗೆ ಯಾರೂ "ನ್ಯೂಟನ್ ಹೇಳಿದ್ದು ಹಂಗಲ್ಲ ಕಣಮ್ಮ" ಅನ್ನುವುದಿಲ್ಲ. ಬಿ.ಕಾಂ. ಹುಡುಗನ ಜಮಾಖರ್ಚನ್ನು ಬಸ್ ಸ್ಟ್ಯಾಂಡಿನಲ್ಲಿ ಯಾರೂ ತಿದ್ದಲು ಬರುವುದಿಲ್ಲ. ರಾಜ್ಯಶಾಸ್ತ್ರಕ್ಕೆ ಆ ಭಾಗ್ಯವಿಲ್ಲ. ತುಮಕೂರು ಜಿಲ್ಲೆಯಲ್ಲಿ ಅದನ್ನು ಓದಲು ಹೊರಟವರಿಗೆ ಬಸ್ ಕಂಡಕ್ಟರ್, ಕಟಿಂಗ್ ಶಾಪಿನವರು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡುವವರು, ಕೊನೆಗೆ ಸ್ವಂತ ಅಜ್ಜಿ, ಎಲ್ಲರೂ ಪರೀಕ್ಷಕರೇ. ಎಲ್ಲರಿಗೂ ಮೊದಲೇ ಗೊತ್ತಿರುವ ವಿಷಯವನ್ನು ಮೂರು ವರ್ಷ ಕೂತು ಓದುವುದೆಂದರೆ, ಬೀಗರ ಊಟಕ್ಕೆ ಬಂದವರ ಮುಂದೆ ಅಡುಗೆ ಕಲಿತಂತೆ.

2017ರಲ್ಲಿ ನಾನು ಗುಬ್ಬಿಯಿಂದ ಬಂದು ತುಮಕೂರಿನ ಕಾಲೇಜೊಂದರಲ್ಲಿ ಎಚ್‌ಇಪಿ ತೆಗೆದುಕೊಂಡೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಅಮ್ಮ ಇದನ್ನು ಓಣಿಯಲ್ಲಿ "ಐಎಎಸ್‌ಗೆ ಓದ್ತಾವ್ಳೆ" ಎಂದು ಅನುವಾದಿಸಿಕೊಂಡಳು. ದೊಡ್ಡಪ್ಪನದು ಇನ್ನೂ ಹತ್ತಿರದ ಗುರಿ. "ಓದ್ಲಿ ಬಿಡು. ಪಂಚಾಯ್ತೀಲಿ ನಮ್ ಸೀಟು ಹೆಂಗಸ್ರಿಗೆ ಬಂದಾಗ ಹೊರಗ್ನೋರ್‌ನ ಯಾಕೆ ಹುಡುಕ್ಬೇಕು?" ಸಂವಿಧಾನದ 73ನೇ ತಿದ್ದುಪಡಿ ಮಹಿಳೆಯರಿಗೆ ಮೂರನೇ ಒಂದು ಭಾಗ ಎಂದಿದೆ, ಕರ್ನಾಟಕದಲ್ಲಿ ಅದು ಅರ್ಧಕ್ಕೇರಿದೆ ಎಂದು ಆಗಷ್ಟೇ ಓದಿದ್ದನ್ನು ಒಪ್ಪಿಸಿದೆ. ದೊಡ್ಡಪ್ಪ ಬೀಡಿ ಆರಿಸಿ, "ಅರ್ಧ ಸೀಟು ಹೆಂಗಸ್ರಿಗೆ, ಪೂರ್ತಿ ಕುರ್ಚಿ ಅವರ ಯಜಮಾನ್ರಿಗೆ. ಇದು ನಿನ್ ಪುಸ್ತಕದಲ್ಲೈತಾ?" ಎಂದರು. ಇರಲಿಲ್ಲ.

ಇನ್ನೊಂದು ಸಲ ಕೌಟಿಲ್ಯನನ್ನು ಮುಂದೆ ಬಿಟ್ಟೆ. ಅರ್ಥಶಾಸ್ತ್ರದ ಹಸ್ತಪ್ರತಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲೇ ಸಿಕ್ಕಿದ್ದು, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು, ಅಲ್ಲಿಯವರೆಗೆ ಲೋಕಕ್ಕೆ ಆ ಗ್ರಂಥ ಕಳೆದೇಹೋಗಿತ್ತು ಎಂದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ನಮ್ ಕಡೇನೇ ಸಿಕ್ತಾ? ಅದುಕ್ಕೇ ನೋಡು, ಇಲ್ಲಿ ಒಬ್ಬೊಬ್ರೂ ಹಿಂಗಿರೋದು."

ಕ್ಲಾಸಿನ ವಿಷಯ ಹೆಚ್ಚು ಹೇಳುವಂಥದ್ದೇನಿಲ್ಲ. ರಾಜ್ಯದ ಮೂಲಾಂಶಗಳು ನಾಲ್ಕು, ಹತ್ತು ಅಂಕಕ್ಕೆ ನಾಲ್ಕು ಪುಟ, ಗೈಡಿನಲ್ಲಿ ಇದ್ದಷ್ಟೇ ಬರೆದರೆ ಪಾಸು, ಸ್ವಂತದ್ದು ಸೇರಿಸಿದರೆ ಮೌಲ್ಯಮಾಪಕರ ಮರ್ಜಿ. ಆದರೂ ಪ್ಲೇಟೋ ಒಂದು ದಿನ ನಗಿಸಿದ. ಅವನ ಲೆಕ್ಕದ ಒಳ್ಳೆಯ ನಗರಕ್ಕೆ 5,040 ಕುಟುಂಬಗಳು ಸಾಕಂತೆ. ಲೆಕ್ಚರರ್ ಗಂಭೀರವಾಗಿಯೇ ಬರೆಸುತ್ತಿದ್ದರು. ಹಿಂದಿನ ಬೆಂಚಿನಿಂದ "ಸಾರ್, ನಮ್ಮ ಎಮ್ಮೆಲ್ಲೆ ಮನೆ ಮದುವೇಲಿ ಮೊದಲನೇ ಪಂಕ್ತೀಗೇ ಅದುಕ್ಕಿಂತ ಜಾಸ್ತಿ ಎಲೆ ಬೀಳ್ತವೆ" ಎಂದು ಯಾರೋ ಗೊಣಗಿದರು.

ನಿಜವಾದ ಪಾಠ ನಡೆಯುತ್ತಿದ್ದದ್ದು ಗುಬ್ಬಿಯಿಂದ ತುಮಕೂರಿಗೆ ಬರುವ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ. ಎದುರು ಸೀಟಿಗೆ ಒಬ್ಬ ಹಿರಿಯರು ಕೂರುತ್ತಿದ್ದರು. ಅಡಿಕೆ ವ್ಯಾಪಾರ, ಮಡಿಲಲ್ಲಿ ಸಂಚಿ. ನಾನು ಏನು ಓದುತ್ತೇನೆಂದು ಕೇಳಿ ತಿಳಿದ ದಿನವೇ ಅವರು ತೊಡೆ ಮೇಲೆ ಪೇಪರ್ ಹಾಸಿ ಅಡಿಕೆ ಹೋಳುಗಳನ್ನು ಜೋಡಿಸತೊಡಗಿದರು. "ಇದು ಕಸಬಾ. ಇದು ನಿಟ್ಟೂರು. ಇದು ಕಡಬ, ಇದು ಚೇಳೂರು." ಒಂದೊಂದು ಹೋಳಿನ ಮೇಲೂ ಬೆರಳಿಟ್ಟು, ಅಲ್ಲಿ ಯಾರ ಮನೆಗಳು ಎಷ್ಟು, ಯಾರು ಯಾರಿಗೆ ಬೀಗರು, ಹೋದ ಸಲ ಯಾರಿಗೆ ಮುನಿಸಾಗಿ ಯಾವ ಕೇರಿ ಮಗುಚಿತು, ಎಲ್ಲ ಬಿಡಿಸಿದರು. ಸಿ.ಎಸ್. ಪುರದ ಹೋಳನ್ನು ಮಾತ್ರ ಪೇಪರಿನ ಅಂಚಿಗೆ ತಳ್ಳಿದರು. "ಇದು ನಮ್ ತಾಲ್ಲೂಕೇ. ಆದ್ರೆ ಓಟು ತುರುವೇಕೆರೆಗೆ. ಲೆಕ್ಕಕ್ಕಿಲ್ಲ." ಮಲ್ಲಸಂದ್ರ ದಾಟುವಷ್ಟರಲ್ಲಿ ಫಲಿತಾಂಶ ಘೋಷಣೆಯಾಯಿತು. ಆಮೇಲೆ ಎಲೆಗೆ ಸುಣ್ಣ ಸವರಿ ನಿಟ್ಟೂರು ಹೋಬಳಿಯನ್ನು ಮಡಿಚಿ ಬಾಯಿಗೆ ಹಾಕಿಕೊಂಡರು. ಚೇಳೂರು ಕೆಳಗೆ ಬಿದ್ದು ಬೆಂಚಿನಡಿಗೆ ಉರುಳಿತ್ತು, ಅದನ್ನು ಹುಡುಕಲಿಲ್ಲ. ಮತದಾನದ ನಡವಳಿಕೆ ಎಂಬ ಅಧ್ಯಾಯಕ್ಕೆ ನಮಗೆ ಇಡೀ ಸೆಮಿಸ್ಟರ್ ಬೇಕಾಗಿತ್ತು.

ಕ್ಲಾಸಿನಲ್ಲಿ ನನ್ನ ಪಕ್ಕದ ಸಾಲಿನವನು ಕುಣಿಗಲ್‌ನವನು, ಹೆಬ್ಬೂರಿನ ಮೇಲೆ ಬಸ್ಸಿನಲ್ಲಿ ಬರುವವನು. ಸಿ.ಎಸ್. ಪುರದ ಸಂಕಟ ಅವನಿಗೆ ದೊಡ್ಡ ಪ್ರಮಾಣದಲ್ಲಿತ್ತು. ನಮ್ಮ ಜಿಲ್ಲೆಯ ಹನ್ನೊಂದು ವಿಧಾನಸಭಾ ಕ್ಷೇತ್ರಗಳಲ್ಲಿ ಎಂಟು ಮಾತ್ರ ತುಮಕೂರು ಲೋಕಸಭೆಗೆ. ಶಿರಾ, ಪಾವಗಡ ಚಿತ್ರದುರ್ಗಕ್ಕೆ. ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ. "ನನ್ ಡಿಸಿ ತುಮಕೂರಲ್ಲಿ, ನನ್ ಎಂಪಿ ಬೇರೆ ಜಿಲ್ಲೇಲಿ. ಕಷ್ಟ ಬಂದ್ರೆ ಯಾವ ದಿಕ್ಕಿಗೆ ಕೈ ಮುಗೀಬೇಕು ಹೇಳು" ಎನ್ನುತ್ತಿದ್ದ. ಅವನ ಊರಿನ ಸ್ಟಡ್ ಫಾರ್ಮಿನ ಕುದುರೆಗಳಿಗೂ ಇಷ್ಟು ಗೊಂದಲವಿಲ್ಲ. ಅವು ರೇಸಿಗೆ ಹೋದರೆ ಯಾವ ಟ್ರ್ಯಾಕು ಅನ್ನುವುದಾದರೂ ಗೊತ್ತಿರುತ್ತದೆ.

2019ರಲ್ಲಿ ಮಾತ್ರ ಅವನ ಕೈ ಮೇಲಾಯಿತು. ಮಾಜಿ ಪ್ರಧಾನಿ ದೇವೇಗೌಡರು ಹಾಸನ ಬಿಟ್ಟು ತುಮಕೂರಿಗೆ ಬಂದು ನಿಂತರು. ಪಠ್ಯಪುಸ್ತಕದಲ್ಲಿದ್ದ ಸಮ್ಮಿಶ್ರ ಸರ್ಕಾರದ ಅಧ್ಯಾಯ ಬಿ.ಎಚ್. ರಸ್ತೆಯಲ್ಲಿ ತೆರೆದ ಜೀಪಿನಲ್ಲಿ ಬಂದಂತಾಯಿತು. ನಾವೆಲ್ಲ ಕಚ್ಚಾಡುತ್ತಿದ್ದರೆ ಓಟಿಲ್ಲದ ಕುಣಿಗಲ್‌ನವನು ವಿಶ್ವಸಂಸ್ಥೆಯ ವೀಕ್ಷಕನ ಗತ್ತಿನಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದ. ನನಗೋ ಮನೆಯಲ್ಲಿ ಹಾಲು ಹಾಕುವವರಿಂದ ಹಿಡಿದು ಎಲ್ಲರದೂ ಒಂದೇ ಪ್ರಶ್ನೆ: "ಯಾರವ್ವಾ ಬರೋದು?" ನಾನು "ಮತದಾರರ ಮೇಲೆ ಪ್ರಭಾವ ಬೀರುವ ಅಂಶಗಳು ಐದು" ಎಂದು ಶುರು ಮಾಡಿದರೆ ಎರಡನೆಯದಕ್ಕೆ ಬರುವಷ್ಟರಲ್ಲಿ ಅವರು ಮುಂದಿನ ಮನೆಯಲ್ಲಿರುತ್ತಿದ್ದರು. ಗೌಡರು ಜಿ.ಎಸ್. ಬಸವರಾಜು ಅವರೆದುರು 13 ಸಾವಿರ ಚಿಲ್ಲರೆ ಮತಗಳಿಂದ ಸೋತರು. ಯಾಕೆ ಸೋತರೆಂದು ಮಾರನೇ ದಿನ ಇಡೀ ಊರು ನನಗೆ ಪಾಠ ಮಾಡಿತು. ಆ ಪಾಠದಲ್ಲಿ ಎಲ್ಲರ ಬಾಯಲ್ಲೂ ಬಂದ ಒಂದು ಹೆಸರು ಹೇಮಾವತಿ.

ಡಿಗ್ರಿ ಮುಗಿದ ಮೇಲೆ ಮದುವೆ ಮಾತುಗಳು ಬಂದವು. ಒಬ್ಬ ಗಂಡಿನ ತಾಯಿ ಕಾಫಿ ಲೋಟ ಕೆಳಗಿಟ್ಟು, "ರಾಜ್ಯಶಾಸ್ತ್ರ ಅಂದ್ರೆ... ವಾದ ಜಾಸ್ತಿ ಮಾಡ್ತೀಯೇನಮ್ಮ?" ಎಂದು ಕೇಳಿದರು. ಮಾಡುವುದಿಲ್ಲ ಎಂದು ಹತ್ತು ನಿಮಿಷ ವಾದಿಸಿದೆ. ಆ ಸಂಬಂಧ ಅಲ್ಲಿಗೇ ನಿಂತಿತು.

ಹೇಮಾವತಿಗೆ ಬರುತ್ತೇನೆ. ಗೊರೂರಿನಿಂದ ನಾಲೆಯಲ್ಲಿ ಹರಿದು ಬರುವ ಆ ನೀರಿಗೆ ಕುಣಿಗಲ್‌ಗಿಂತ ಮೊದಲು ಗುಬ್ಬಿ ಸಿಗುತ್ತದೆ, ಕುಣಿಗಲ್ ಕೊನೆಗೆ. ನಮ್ಮ ಪಾಲು ನಮ್ಮನ್ನು ಮುಟ್ಟುತ್ತಲೇ ಇಲ್ಲ, ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಮಾಡಿ ನೇರವಾಗಿ ಕೊಡಿ ಎಂದು ಕುಣಿಗಲ್‌ನವರು. ನೇರವಾಗಿ ಹೋದರೆ ನಮ್ಮ ಕೆರೆಗಳ ಗತಿಯೇನು ಎಂದು ನಾವು. ನಾನು ತೆಂಗು-ಅಡಿಕೆ ತೋಟದ ಮನೆಯವಳು, ನನ್ನಿಂದ ನಿಷ್ಪಕ್ಷಪಾತ ನಿರೀಕ್ಷಿಸಬೇಡಿ. 2025ರ ಮೇ ತಿಂಗಳಲ್ಲಿ ಗುಬ್ಬಿ ತಾಲ್ಲೂಕಿನ ಸುಂಕಾಪುರದಲ್ಲಿ ದೊಡ್ಡ ಪ್ರತಿಭಟನೆ ನಡೆದಾಗ ನಮ್ಮ ಬ್ಯಾಚಿನ ವಾಟ್ಸ್ಆ್ಯಪ್ ಗುಂಪಿನಲ್ಲೂ ನಾಲೆ ಒಡೆಯಿತು. ಅಲ್ಲಿಯವರೆಗೆ ಹಬ್ಬದ ಶುಭಾಶಯ, ಕೆಪಿಎಸ್‌ಸಿ ನೋಟಿಫಿಕೇಶನ್ ಬಿಟ್ಟರೆ ಬೇರೇನೂ ಇಲ್ಲದ ಗುಂಪು ಅದು. ಕುಣಿಗಲ್‌ನವನು ಭೂಪಟ ಹಾಕಿದ. ನಾನು ಬತ್ತಿದ ಕೆರೆಯ ಫೋಟೋ ಹಾಕಿದೆ. ಅವನು ಅದಕ್ಕಿಂತ ಬತ್ತಿದ ಕೆರೆಯ ಫೋಟೋ ಹಾಕಿದ. ರಾತ್ರಿ ಹನ್ನೊಂದರ ಹೊತ್ತಿಗೆ, ತಿಪಟೂರಿನ ಮಿತಭಾಷಿಯೊಬ್ಬ ಕೂಡ ದನಿ ಏರಿಸಿದ್ದ.

ಗುಂಪಿನಲ್ಲಿ ಹೆಸರಿಗೆ ಮಾತ್ರ ಇದ್ದ ನಮ್ಮ ಲೆಕ್ಚರರ್ ಆಗ ಎದ್ದರು. "ಹಾಬ್ಸ್‌ನ ಸಾಮಾಜಿಕ ಒಪ್ಪಂದಕ್ಕೆ ಇಂಟರ್ನಲ್ಸ್‌ನಲ್ಲಿ ಇಬ್ರೂ ಹತ್ತಕ್ಕೆ ಹತ್ತು ತಗೊಂಡೋರಲ್ವೇನ್ರಪ್ಪಾ? ಎಲ್ರೂ ಎಲ್ರ ಮೇಲೂ ಬಿದ್ದು ಕಚ್ಚಾಡಬಾರದು ಅಂತ ಅಧಿಕಾರ ಒಬ್ಬರ ಕೈಗೆ ಕೊಡ್ತಾರೆ ಅಂತ ಬರೆದಿದ್ರಲ್ಲ?"

ಕುಣಿಗಲ್‌ನವನು ಟೈಪ್ ಮಾಡುತ್ತಲೇ ಇದ್ದ, ಮಾಡುತ್ತಲೇ ಇದ್ದ. ಕೊನೆಗೆ ಬಂದದ್ದು ಇಷ್ಟು: "ಸಾರ್, ಆ ಪೇಪರಲ್ಲಿ ನೀರಿನ ಪ್ರಶ್ನೆ ಇರ್ಲಿಲ್ಲ."

ನಾನು ಅದಕ್ಕೆ ತಕ್ಕ ಉತ್ತರ ಬರೆದು ಕಳಿಸಲು ಹೋದರೆ ಹೋಗುತ್ತಿಲ್ಲ. ಗುಂಪಿನ ಅಡ್ಮಿನ್ ಪಾವಗಡದವಳು, ಹೇಮಾವತಿಯ ಹನಿಯೂ ಮುಟ್ಟದ ತಾಲ್ಲೂಕು. ಇನ್ನು ಮುಂದೆ ಅಡ್ಮಿನ್ ಮಾತ್ರ ಮಾತಾಡಬಹುದೆಂದು ಸೆಟ್ಟಿಂಗ್ ಬದಲಿಸಿ, "ಎಲ್ಲರೂ ಮಲಗಿ" ಎಂದು ಹಾಕಿ ಹೋಗಿದ್ದಳು. ಹಾಬ್ಸ್ ಇದ್ದಿದ್ದರೆ ಹತ್ತಕ್ಕೆ ಹನ್ನೊಂದು ಕೊಡುತ್ತಿದ್ದ.