ಅರ್ಧ ಟಿಕೆಟ್ಟಿನ ಅಪ್ಪ

ಒಂದೇ ಮಗುವಿಗೆ ಕೌಂಟರಿಗೊಂದರಂತೆ ವಯಸ್ಸು ಇಟ್ಟುಕೊಂಡಿರುವ ಗೃಹಸ್ಥನೇ ಅರ್ಧ ಟಿಕೆಟ್ಟಿನ ಅಪ್ಪ. ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಈ ತಳಿ ಉಂಟು. ಹುಲುಸಾಗಿ ಕಾಣುವುದು ಮಾತ್ರ ಮಾರಿಕುಪ್ಪಂನಲ್ಲಿ ಹೊರಟು ಊರಿಗಾಂ, ಬಂಗಾರಪೇಟೆ ಹಾದು ಬೆಂಗಳೂರು ಸೇರುವ ರೈಲಿನಲ್ಲಿ. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಕವಲು ಹಳಿಯನ್ನು 1894ರಲ್ಲಿ ಹಾಕಿದ್ದು ಕೆಜಿಎಫ್‌ನ ಚಿನ್ನದ ಗಣಿಗಾಗಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಹಳಿ ಉಳಿಯಿತು. ದುಡಿಯುವವರೆಲ್ಲ ನಸುಕಿಗೇ ಎದ್ದು ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಮನೆ ಸೇರುವವರಾದರು. ಹೀಗಾಗಿ ಊರಿಗಾಂನ ಅಪ್ಪನಿಗೆ ರೈಲೆಂದರೆ ಮನೆಯ ಜಗಲಿ ಇದ್ದಂತೆ. ಜಗಲಿಯಲ್ಲಿ ಮಗುವನ್ನು ಕೂರಿಸಲು ಯಾರು ದುಡ್ಡು ಕೊಡುತ್ತಾರೆ?

ಈತ ಕಳ್ಳನಲ್ಲ, ಅದನ್ನು ಮೊದಲೇ ಹೇಳಬೇಕು. ಜೇಬಿನಲ್ಲಿ ತಿಂಗಳ ಪಾಸು ಇದ್ದೇ ಇರುತ್ತದೆ. ಒಂದು ದಿನ ತಡವಾಗಿ ಪಾಸು ಮಾಡಿಸಿದರೂ ಆ ದಿನ ಟಿಕೆಟ್ ಕೊಂಡೇ ಹತ್ತುತ್ತಾನೆ. ಕೈಚಳಕವೆಲ್ಲ ಮಗುವಿನ ವಯಸ್ಸಿನ ಮೇಲೆ. ಅದನ್ನು ಅವನಿಗೆ ಕಲಿಸಿದ್ದೂ ಸರ್ಕಾರವೇ. ರೈಲಿನಲ್ಲಿ ಐದು ತುಂಬದ ಮಗುವಿಗೆ ಟಿಕೆಟ್ ಇಲ್ಲ, ಐದರಿಂದ ಹನ್ನೆರಡರವರೆಗೆ ಅರ್ಧ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಆರರವರೆಗೆ ಇಲ್ಲ, ಆರರಿಂದ ಹನ್ನೆರಡಕ್ಕೆ ಅರ್ಧ. ಅಂದರೆ ಐದೂವರೆಯ ಮಗು ಬಂಗಾರಪೇಟೆ ಸ್ಟೇಷನ್ನಿನೊಳಗೆ ಅರ್ಧ ಮನುಷ್ಯ, ರಸ್ತೆ ದಾಟಿ ಬಸ್ಸು ಹತ್ತಿದರೆ ಸೊನ್ನೆ. 2016ರ ಏಪ್ರಿಲ್ 21ರಿಂದ ಕಾಯ್ದಿರಿಸಿದ ಬೋಗಿಯಲ್ಲಿ ಬೇರೆ ಬರ್ತ್ ಕೇಳಿದರೆ ಅದೇ ಮಗು ಪೂರ್ತಿ ಮನುಷ್ಯ. ವಯಸ್ಸೆಂಬುದು ಮಗುವಿನ ಮೈಯಲ್ಲಿಲ್ಲ, ಕೌಂಟರಿನಲ್ಲಿದೆ ಎಂಬ ಸಿದ್ಧಾಂತಕ್ಕೆ ಬರಲು ಅವನಿಗೆ ಇಷ್ಟು ಸಾಕಾಯಿತು.

ಅವನ ಮುಖ್ಯ ಆಯುಧ ಒಂದು ಕ್ರಿಯಾಪದ. ಕನ್ನಡದಲ್ಲಿ ವಯಸ್ಸು ‘ತುಂಬುತ್ತದೆ’, ‘ನಡೆಯುತ್ತದೆ’, ‘ಬೀಳುತ್ತದೆ’. ನಾಲ್ಕು ತುಂಬಿದ ಮಗುವಿಗೆ ಐದು ನಡೆಯುತ್ತಿರುತ್ತದೆ. ಐದಕ್ಕೆ ಬಿದ್ದಿದೆ ಎಂದರೂ ಅದೇ. ಜಾತಕದವರು ನಡೆಯುವ ಲೆಕ್ಕ ಹಿಡಿಯುತ್ತಾರೆ, ಇಸ್ಕೂಲಿನವರು ತುಂಬಿದ ಲೆಕ್ಕ, ಅಜ್ಜಿ ಯಾವ ಲೆಕ್ಕವನ್ನೂ ಹಿಡಿಯದೆ ಗಣಿ ಮುಚ್ಚಿದ ಎಷ್ಟನೇ ವರ್ಷಕ್ಕೆ ಹುಟ್ಟಿದ್ದು ಎನ್ನುತ್ತಾಳೆ. ಸಾಮಾನ್ಯ ಅಪ್ಪ ಈ ಮೂರರಲ್ಲಿ ಒಂದನ್ನು ಹಿಡಿದು ಬದುಕುತ್ತಾನೆ. ಅರ್ಧ ಟಿಕೆಟ್ಟಿನ ಅಪ್ಪ ಮೂರನ್ನೂ ಬೆರಳ ತುದಿಯಲ್ಲಿಟ್ಟುಕೊಂಡು, ಎದುರಿಗಿರುವವನ ಕೋಟಿನ ಬಣ್ಣ ನೋಡಿ ಒಂದನ್ನು ಆರಿಸುತ್ತಾನೆ.

ಕೋಟು ಕಪ್ಪಗಿದ್ದರೆ ನಡೆಯುವ ಸಂಭಾಷಣೆ ಬಹುಮಟ್ಟಿಗೆ ಹೀಗಿರುತ್ತದೆ.

“ಪಾಪುಗೆ ಎಷ್ಟಪ್ಪಾ?”

“ನಾಲ್ಕು ಸಾರ್. ಐದು ನಡೀತಾ ಐತೆ.”

“ಏನ್ ಪುಟ್ಟಾ, ಇಸ್ಕೂಲಿಗೆ ಹೋಗ್ತೀಯಾ?”

“ಸೆಕೆಂಡ್ ಸ್ಟ್ಯಾಂಡರ್ಡ್ ಅಂಕಲ್. ಬಿ ಸೆಕ್ಷನ್.”

“ಅವರಕ್ಕನ ಕ್ಲಾಸು ಹೇಳ್ತಾವ್ನೆ ಸಾರ್. ಅವಳು ಏನಂದ್ರೆ ಇವನೂ ಅದೇ ಅಂತಾನೆ.”

ಈ ಹುಡುಗನಿಗೆ ಅಕ್ಕ ಇಲ್ಲ, ಇರುವುದು ತಂಗಿ. ಅವಳ ವಿಷಯ ಮುಂದೆ ಬರುತ್ತದೆ. ಸದ್ಯಕ್ಕೆ ಗಮನಿಸಬೇಕಾದ್ದು ಮಗುವಿನ ಪಾತ್ರ. ಈ ವ್ಯವಹಾರದಲ್ಲಿ ಲೆಕ್ಕ ಪರಿಶೋಧಕನೆಂದರೆ ಮಗುವೊಂದೇ. ಸತ್ಯ ಹೇಳಬೇಕೆಂದು ಅದಕ್ಕೆ ಮನೆಯಲ್ಲಿ ಕಲಿಸಿದವನೂ ಇದೇ ಅಪ್ಪ. ಹಾಗಾಗಿ ಊರಿಗಾಂ ಪ್ಲಾಟ್‌ಫಾರಂ ಮೇಲೆ ರೈಲು ಬರುವ ಮೊದಲೇ ಒಂದು ಒಪ್ಪಂದವಾಗಿರುತ್ತದೆ: ಯಾರು ಏನು ಕೇಳಿದರೂ ಮಾತಾಡಬಾರದು, ಮಾತಾಡದಿದ್ದರೆ ವಾಪಸು ಬರುವಾಗ ಬಂಗಾರಪೇಟೆಯಲ್ಲಿಳಿದು ಪಾನಿಪುರಿ. ನೋಡಲು ತಿಳಿನೀರು, ಬಾಯಿಗಿಟ್ಟರೆ ಬೆಂಕಿ ಎಂದು ಹೆಸರಾದ ಆ ಪಾನಿಯ ಒಂದು ಪ್ಲೇಟಿಗೆ ಕೊಡುವ ದುಡ್ಡು, ಉಳಿಸಿದ ಅರ್ಧ ಟಿಕೆಟ್ಟಿಗಿಂತ ಹೆಚ್ಚು. ಸಿಕ್ಕಿಬಿದ್ದರೆ ರೈಲ್ವೆಯ ದಂಡವೇ ಕನಿಷ್ಠ 250 ರೂಪಾಯಿ, ಟಿಕೆಟ್ಟಿನ ದುಡ್ಡು ಬೇರೆ. ನಷ್ಟವೆಂದು ಹೆಂಡತಿ ನೂರು ಸಲ ಹೇಳಿದ್ದಾಳೆ. ಈತನಿಗೆ ಇದು ದುಡ್ಡಿನ ಪ್ರಶ್ನೆಯೇ ಅಲ್ಲ. ಸರ್ಕಾರ ಗೆರೆ ಎಳೆದಿದೆ, ಗೆರೆಯ ಈಚೆ ಇನ್ನೊಂದು ವರ್ಷ ನಿಲ್ಲುವುದರಲ್ಲಿ ಒಂದು ಸುಖವಿದೆ.

ದಾಖಲೆಗಳ ಬಗ್ಗೆ ಅವನದು ಆಯ್ದ ಭಕ್ತಿ. ಪಲ್ಸ್ ಪೋಲಿಯೋ ಭಾನುವಾರದಂದು ಐದರೊಳಗಿನ ಮಕ್ಕಳಿಗೆ ಎರಡು ಹನಿ ಹಾಕಿ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚುತ್ತಾರೆ. ಈ ದೇಶದಲ್ಲಿ ಎಡಗೈ ತೋರುಬೆರಳಿಗೆ ಶಾಯಿ ಬಿದ್ದರೆ ಹದಿನೆಂಟು ತುಂಬಿತೆಂದೂ ಕಿರುಬೆರಳಿಗೆ ಬಿದ್ದರೆ ಐದು ತುಂಬಿಲ್ಲವೆಂದೂ ಅರ್ಥ. ಏಳು ವರ್ಷದ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೂತಿಗೆ ಹೋಗಿ ಶಾಯಿ ಹಾಕಿಸಿಕೊಂಡು ಬಂದು, ಮುಂದಿನ ವಾರವೆಲ್ಲ ಆ ಕಿರುಬೆರಳನ್ನು ಚೆಕಿಂಗಿನವರಿಗೆ ಕಾಣುವಂತೆ ಕಿಟಕಿಯ ಸರಳಿನ ಮೇಲೆ ಇಡಿಸುವವರೂ ಇದ್ದಾರೆ. ಐದರೊಳಗಿನವರಿಗೆ ಕೊಡುವ ನೀಲಿ ಬಣ್ಣದ ಬಾಲ ಆಧಾರ್ ಇನ್ನೊಂದು ನಿಧಿ. ಐದು ತುಂಬಿದ ಮೇಲೆ ಬೆರಳಚ್ಚು, ಕಣ್ಪಾಪೆ ಕೊಟ್ಟು ಬದಲಾಯಿಸಿಕೊಳ್ಳಬೇಕೆಂಬುದು ನಿಯಮ. ಈತ ಅದನ್ನು ಬದಲಾಯಿಸದೆ ದೂರದಿಂದ ಬಣ್ಣ ಮಾತ್ರ ತೋರಿಸುತ್ತಾನೆ. ಹತ್ತಿರದಿಂದ ನೋಡಿದರೆ ಹುಟ್ಟಿದ ತಾರೀಖು ಕಾಣುತ್ತದೆ. ಆ ಜಾಗದ ಮೇಲೆ ಅವನ ಹೆಬ್ಬೆರಳು ಇರುತ್ತದೆ.

ರೈಲಿನಲ್ಲಿ ಐದಾಗದ ಮಗ ಬೆಂಗಳೂರು ತಲುಪುವಷ್ಟರಲ್ಲಿ ಬೆಳೆದಿರಬೇಕಾಗುತ್ತದೆ. ಕಬ್ಬನ್ ಪಾರ್ಕಿನ ಜವಾಹರ ಬಾಲಭವನಕ್ಕೆ ಸದಸ್ಯರಾಗಲು ಐದು ತುಂಬಿರಬೇಕು, ಹದಿನಾರು ದಾಟಿರಬಾರದು. ಬೆಳಿಗ್ಗೆ ರೈಲಿನಲ್ಲಿ “ನಾಲ್ಕು ಸಾರ್” ಎಂದವನೇ ಮಧ್ಯಾಹ್ನದೊಳಗೆ ಅಲ್ಲಿನ ಕೌಂಟರಿನಲ್ಲಿ “ಏಳು ಮೇಡಂ, ಎಂಟು ನಡೀತಾ ಐತೆ” ಎನ್ನುತ್ತಾನೆ. ಮಗುವಿನ ಮುಖದಲ್ಲಿ ಆಗ ಕಾಣುವ ಗೊಂದಲವನ್ನು ಪ್ರಯಾಣದ ಆಯಾಸವೆಂದು ನೋಡಿದವರು ತಿಳಿಯುತ್ತಾರೆ. ಸ್ಕೌಟ್ಸ್‌ನಲ್ಲೂ ಹತ್ತರ ಗಡಿ ಇದೆ, ಅದರ ಕೆಳಗಿನವರು ಕಬ್ ಮತ್ತು ಬುಲ್‌ಬುಲ್. ಪ್ರತಿಭಾ ಕಾರಂಜಿಯ ಬಗ್ಗೆ ಮಾತ್ರ ಈತನಿಗೆ ಅಸಮಾಧಾನ. ಅಲ್ಲಿ ಒಂದರಿಂದ ನಾಲ್ಕು, ಐದರಿಂದ ಏಳು ಎಂದು ತರಗತಿ ನೋಡಿ ಗುಂಪು ಮಾಡುತ್ತಾರೆ, ವಯಸ್ಸನ್ನು ಕೇಳುವುದೇ ಇಲ್ಲ. ಕೇಳದಿದ್ದರೆ ಹೇಳುವುದು ಹೇಗೆ?

ತಂಗಿಯ ವಿಷಯ ಇಲ್ಲಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಟಿಕೆಟ್ಟಿನ ದುಡ್ಡು ತಪ್ಪಿತು. ಅಂದಿನಿಂದ ಬಸ್ಸಿನಲ್ಲಿ ಮಗಳ ವಯಸ್ಸು ಈತನಿಗೆ ಬೇಡವಾಯಿತು. ಬೇಡವಾದ್ದರಿಂದ ಅವಳು ಎಲ್ಲರಂತೆ ವರ್ಷಕ್ಕೊಂದು ವರ್ಷ ಬೆಳೆಯತೊಡಗಿದಳು. ಮಗ ಮಾತ್ರ ಐದರಲ್ಲೇ ನಿಂತಿದ್ದ. ಹೀಗೆ ಕೆಜಿಎಫ್–ಬಂಗಾರಪೇಟೆ ಬಸ್ಸಿನಲ್ಲಿ ಒಂದು ವರ್ಷ ಚಿಕ್ಕವಳಾದ ತಂಗಿ ಅಣ್ಣನನ್ನು ಹಿಂದೆ ಹಾಕಿ ಅಕ್ಕನಾದಳು, ಕಂಡಕ್ಟರು ಅವಳಿಗೆ “ತಮ್ಮನ ಕೈ ಹಿಡ್ಕೊಳಮ್ಮಾ” ಎಂದು ಬುದ್ಧಿಯನ್ನೂ ಹೇಳಿದರು. ಅವಳು ಹಿಡಿದುಕೊಂಡಳು. ಇಳಿದ ಮೇಲೂ ಬಿಡಲಿಲ್ಲ. ಅಕ್ಕತನದ ರುಚಿ ಹತ್ತಿತ್ತು.

ಐದು ಕಳೆದರೆ ಮುಂದಿನ ಕೋಟೆ ಹನ್ನೊಂದೂವರೆ. ಮನುಷ್ಯನ ಆಯುಷ್ಯದಲ್ಲಿ ಇಷ್ಟು ದೀರ್ಘವಾದ ವಯಸ್ಸು ಇನ್ನೊಂದಿಲ್ಲ. ಕೆಲವು ಮಕ್ಕಳು ಮೂರು ವರ್ಷ ಸತತವಾಗಿ ಹನ್ನೊಂದೂವರೆಯಲ್ಲಿರುತ್ತಾರೆ. ಧ್ವನಿ ಒಡೆದರೆ ನೆಗಡಿ, ಮೀಸೆ ಮೂಡಿದರೆ ಹಾಲಿನ ಕರೆ, ಎತ್ತರ ಬಂದರೆ “ಅವರ ತಾತನೂ ಹಿಂಗೇ ಸಾರ್”.

ತಾತನೂ ಹಾಗೇ ಇದ್ದದ್ದು ನಿಜ, ಬೇರೆ ಅರ್ಥದಲ್ಲಿ. ಆ ತಲೆಮಾರಿನಲ್ಲಿ ಹುಟ್ಟಿದ ತಾರೀಖು ಮನೆಯಲ್ಲಿ ಹುಟ್ಟುತ್ತಿರಲಿಲ್ಲ, ಶಾಲೆಯಲ್ಲಿ ಹುಟ್ಟುತ್ತಿತ್ತು. ಹೆಡ್‌ಮೇಷ್ಟ್ರು ಮಗುವನ್ನು ಮೇಲಿಂದ ಕೆಳಗೆ ನೋಡಿ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ, ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ಕರ್ನಾಟಕದಲ್ಲಿ ಜೂನ್ ಒಂದಕ್ಕೆ ಹುಟ್ಟಿದ ಹಿರಿಯರ ಸಂಖ್ಯೆ ಪ್ರಕೃತಿ ನಿಯಮಕ್ಕೆ ಮೀರಿದ್ದು. ಕಾಗದದಲ್ಲಿ ಎರಡು ವರ್ಷ ಕಡಿಮೆ ಬಿದ್ದರೆ ರಿಟೈರಾಗುವಾಗ ಎರಡು ವರ್ಷದ ಸಂಬಳ ಹೆಚ್ಚು. ಅರ್ಧ ಟಿಕೆಟ್ಟಿನ ಅಪ್ಪ ಈ ಪರಂಪರೆಯ ಕುಡಿ.

ಈಗ ಅದೇ ಜೂನ್ ಒಂದು ತಿರುಗಿ ನಿಂತಿದೆ. ಒಂದನೇ ತರಗತಿಗೆ ಸೇರಲು ಜೂನ್ ಒಂದಕ್ಕೆ ಆರು ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿ, 2025–26ರಿಂದ ಜಾರಿ ಎಂದಿತು. 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಇಳಿಸಿತು. ಆ ಬೇಸಿಗೆ ಈ ತಳಿಗೆ ಕಷ್ಟದ ಕಾಲ. ಮಗುವನ್ನು ಕುಗ್ಗಿಸಿ ಅಭ್ಯಾಸವಾದವರು ಹಿಗ್ಗಿಸಬೇಕಾಗಿ ಬಂತು. ರೈಲಿನಲ್ಲಿ ಇನ್ನೂ ಐದಾಗದ ಕೂಸು ಶಾಲೆಯ ಬಾಗಿಲಲ್ಲಿ ಆರು ತುಂಬಿದ ಗಂಡಾಳು.

ವಯಸ್ಸು ಕೌಂಟರಿನಲ್ಲಿದೆ ಎಂಬ ಸಿದ್ಧಾಂತಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು ಸಮುದ್ರದಲ್ಲಿ. ಸ್ವಾತಂತ್ರ್ಯದ ನಂತರ ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಕುಟುಂಬಗಳು ಆಸ್ಟ್ರೇಲಿಯಾಕ್ಕೆ ಹೋದವು. ಅವರ ಹಿಂದೆ ಈಚಿನ ದಶಕಗಳಲ್ಲಿ ಊರಿನ ಎಂಜಿನಿಯರುಗಳೂ ಹೋದರು. ಹಾಗೆ ಹೋದ ಭಾವನೊಬ್ಬ ಸಿಡ್ನಿಯಲ್ಲಿದ್ದರೆ, ರಜೆಗೆ ಕರೆಸಿಕೊಂಡು ವಿಹಾರದ ಹಡಗು ಹತ್ತಿಸುವುದುಂಟು. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಕೋಲಾರ ಜಿಲ್ಲೆಯವನಿಗೆ, ಟ್ಯಾಂಕರಿನಾಚೆ ಇಷ್ಟು ನೀರಿದೆ ಎಂಬುದೇ ಮೊದಲು ನಂಬಿಕೆಯಾಗುವುದಿಲ್ಲ. ಇಂಥ ಹಡಗುಗಳಲ್ಲಿ ಮಕ್ಕಳಿಗಾಗಿ ಕ್ಲಬ್ ಇರುತ್ತದೆ, ವಯಸ್ಸಿನ ಪ್ರಕಾರ ಗುಂಪು. ಕಾರ್ನಿವಲ್ ಕಂಪನಿಯ ಹಡಗಿನಲ್ಲಿ ಎರಡರಿಂದ ಐದು ವರ್ಷದವರು ಪೆಂಗ್ವಿನ್, ಆರರಿಂದ ಎಂಟು ಸ್ಟಿಂಗ್‌ರೇ (ಮಂಗಳೂರಿನವರು ತೊರಕೆ ಎಂದು ಸಾರು ಮಾಡುವ ಮೀನು ಇದೇ), ಒಂಬತ್ತರಿಂದ ಹನ್ನೊಂದು ಶಾರ್ಕ್. ಹನ್ನೆರಡರಿಂದ ಹದಿನಾಲ್ಕರವರಿಗೆ ಬೇರೆಯೇ ಕೋಣೆ, ಹದಿನೈದರ ಮೇಲಿನವರಿಗೆ ಇನ್ನೊಂದು.

ಗೆರೆಗಳು ಸುಮ್ಮನೆ ಎಳೆದವಲ್ಲ. ಚಿಕ್ಕವರ ಗುಂಪಿಗೆ ನೋಡಿಕೊಳ್ಳುವವರು ಹೆಚ್ಚು ಬೇಕು, ಶೌಚದ ಅಭ್ಯಾಸ ಆಗಿದೆಯೇ ಎಂಬ ಪ್ರಶ್ನೆ ಇದೆ; ಅವರನ್ನು ಬಿಡುವುದಕ್ಕೂ ಕರೆದೊಯ್ಯುವುದಕ್ಕೂ ಹೆತ್ತವರೇ ಸಹಿ ಹಾಕಬೇಕು. ಒಂಬತ್ತು ಹತ್ತು ದಾಟಿದವರು, ಹೆತ್ತವರು ಒಪ್ಪಿದರೆ, ಹಲವು ಹಡಗುಗಳಲ್ಲಿ ತಾವೇ ಸಹಿ ಹಾಕಿ ಹೊರಬರಬಹುದು. ಆದರೂ ಗೆರೆ ಎಲ್ಲ ಕಡೆ ಒಂದೇ ಜಾಗದಲ್ಲಿಲ್ಲ. ನಾರ್ವೇಜಿಯನ್ ಕಂಪನಿಯಲ್ಲಿ ಆರರಿಂದ ಒಂಬತ್ತು ಒಂದು ಗುಂಪು, ಹತ್ತರಿಂದ ಹನ್ನೆರಡು ಇನ್ನೊಂದು. ಒಂಬತ್ತರ ಹುಡುಗ ಒಂದು ಹಡಗಿನಲ್ಲಿ ದೊಡ್ಡವರ ಗುಂಪಿನ ಮರಿ, ಇನ್ನೊಂದರಲ್ಲಿ ಚಿಕ್ಕವರ ಗುಂಪಿನ ಯಜಮಾನ. ಊರಿಗಾಂ ಸಿದ್ಧಾಂತ ಪೆಸಿಫಿಕ್ ಸಾಗರದಲ್ಲೂ ಸರಿಯೇ ಎಂದಾಯಿತು.

ತಪ್ಪಿದ್ದು ಬೇರೆ ಕಡೆ. ಹಡಗಿನ ಕೌಂಟರಿನಲ್ಲಿ ವಯಸ್ಸನ್ನು ಯಾರೂ ಕೇಳಲಿಲ್ಲ. ಪಾಸ್‌ಪೋರ್ಟಿನಿಂದ ಅದಾಗಲೇ ಕಂಪ್ಯೂಟರಿಗೆ ಹೋಗಿತ್ತು: ಹುಡುಗನಿಗೆ ಒಂಬತ್ತು, ಶಾರ್ಕ್, ಹುಡುಗಿಗೆ ಎಂಟು, ಸ್ಟಿಂಗ್‌ರೇ. ಕ್ಲಬ್ಬಿಗೆ ಬೇರೆ ದುಡ್ಡಿಲ್ಲವಾದ್ದರಿಂದ ಉಳಿಸುವುದು ಏನೂ ಇರಲಿಲ್ಲ. ಆದರೆ ಹುಟ್ಟುಗುಣ ಸುಮ್ಮನಿರಬೇಕಲ್ಲ! ಇಬ್ಬರನ್ನೂ ಒಂದೇ ಕಡೆ ಕೂರಿಸಬೇಕೆಂದು ಅಪ್ಪ ಮಗಳನ್ನು ಮುಂದೆ ತಳ್ಳಿ, ಇಂಗ್ಲಿಷಿನಲ್ಲಿ ತನ್ನ ಹಳೆಯ ಕ್ರಿಯಾಪದವನ್ನು ಪ್ರಯೋಗಿಸಿದ:

“ಮೇಡಂ, ಶೀ ಈಸ್ ರನ್ನಿಂಗ್ ನೈನ್.”

ಆಕೆ ನಗುನಗುತ್ತಾ, ಹಡಗಿನಲ್ಲಿ ಮಕ್ಕಳು ಓಡಬಾರದು, ನೆಲ ಒದ್ದೆ ಇರುತ್ತದೆ ಎಂದಳು.

ನೂರಾರು ಬಸ್ಸುಗಳಲ್ಲಿ ತಮ್ಮನಾಗಿದ್ದ ಹುಡುಗ ನಡುಸಮುದ್ರದಲ್ಲಿ ಮೊದಲ ಸಲ ಅಣ್ಣನಾದ. ಸಹಿ ಹಾಕಿ ತಾನೇ ಒಳಗೆ ಹೋದ, ಅರ್ಧ ಗಂಟೆಗೊಮ್ಮೆ ಕಾರಣವಿಲ್ಲದೆ ಸಹಿ ಹಾಕಿ ಹೊರಗೂ ಬಂದ. ತಂಗಿ ಎರಡು ದಿನ ಅವನೊಡನೆ ಮಾತು ಬಿಟ್ಟಳು.

ಊರಿಗಾಂನಲ್ಲಿ ಉಳಿದವರಿಗೂ ವಯಸ್ಸು ಕೇಳದ ಇಂಥ ಕೌಂಟರು ಹತ್ತಿರವಾಗುತ್ತಿದೆ. ತಿದ್ದುಪಡಿಯಾದ ಜನನ ಮರಣ ನೋಂದಣಿ ಕಾಯ್ದೆ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದ್ದು, ಅಂದಿನಿಂದ ಹುಟ್ಟಿದವರಿಗೆ ಶಾಲೆಗಾಗಲಿ ಪಾಸ್‌ಪೋರ್ಟಿಗಾಗಲಿ ಹುಟ್ಟಿದ ತಾರೀಖಿಗೆ ಜನನ ಪ್ರಮಾಣಪತ್ರವೊಂದೇ ಆಧಾರ. ಆ ದಿನ ಹುಟ್ಟಿದ ಮಗುವಿಗೆ ಮಾರಿಕುಪ್ಪಂ ರೈಲಿನಲ್ಲಿ ಅರ್ಧ ಟಿಕೆಟ್ ಬೇಕಾಗುವುದು 2028ರ ಅಕ್ಟೋಬರ್ 1ಕ್ಕೆ. ಅಲ್ಲಿಯವರೆಗೆ ಅದಕ್ಕೆ ಐದು ನಡೆಯುತ್ತಿರುತ್ತದೆ.